ವ್ಯಾಲ್ಯುಯೇಷನ್ ಹೆಚ್ಚು ಕೇಳಿದವರೆಲ್ಲ ದುರಾಸೆಯವರೇ?

ಉದ್ಯಮಿಗಳು ಹೂಡಿಕೆದಾರರ ಎದುರು ಬಂದು ತಮ್ಮ ಕಂಪನಿಯ ಪಾಲಿಗೆ ಹಣ ಕೇಳುವ ಟಿವಿ ಕಾರ್ಯಕ್ರಮ ‘ಶಾರ್ಕ್ ಟ್ಯಾಂಕ್ ಇಂಡಿಯಾ’ ನೋಡುವಾಗ ನಿಮ್ಮ ಮನೆಯವರೆಲ್ಲ ಹೆಚ್ಚು ವ್ಯಾಲ್ಯುಯೇಷನ್ (ಇಡೀ ಕಂಪನಿಗೆ ಕಟ್ಟುವ ಬೆಲೆ) ಕೇಳುವ ಸ್ಪರ್ಧಿಗಳನ್ನು ದುರಾಸೆಯವರೆಂದೂ, ಕಣ್ಣೀರು ಹಾಕಿದವರನ್ನು ಪ್ರಾಮಾಣಿಕರೆಂದೂ, ಡೀಲ್ ಸಿಗದೆ ಹೊರನಡೆದವರನ್ನು ಸೋತವರೆಂದೂ ತೀರ್ಮಾನಿಸುತ್ತಾರೆ. ವೀಕ್ಷಕರ ಇಂತಹ ಅಭಿಪ್ರಾಯಗಳಲ್ಲಿ ನ್ಯಾಯವಿದೆಯೇ ಎಂದು ಕೇಳಿದ್ದೀರಿ. ನನ್ನ ಉತ್ತರ: ಬಹುಪಾಲು ಇಲ್ಲ. ನಾವೆಲ್ಲ ಕೆಟ್ಟವರು ಎಂಬ ಕಾರಣಕ್ಕೆ ನಾನು ಹೀಗೆ ಹೇಳುತ್ತಿಲ್ಲ. ಎದುರಿಗೆ ನಿಂತ ಮನುಷ್ಯನನ್ನು ನೋಡುತ್ತೇವೆಯೇ ಹೊರತು ಅವನ ದುಡ್ಡು ಎಲ್ಲಿಗೆ ಹೋಗಿ ಎಷ್ಟು ದಿನಕ್ಕೆ ಹಿಂತಿರುಗುತ್ತದೆ ಎಂಬುದನ್ನು ನೋಡುವುದಿಲ್ಲ. ನಾನು ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಈ ಉತ್ತರವನ್ನು ಆ ಜಾಗದಲ್ಲಿ ಕುಳಿತು ಕಂಡದ್ದರಿಂದ ಬರೆಯುತ್ತಿದ್ದೇನೆ.

ಮೊದಲು ‘ಸ್ಪರ್ಧಿ’ ಎಂಬ ಪದದ ಬಗ್ಗೆ ಒಂದು ಮಾತು. ಅಲ್ಲಿಗೆ ಬರುವವರು ಒಬ್ಬರ ಮೇಲೊಬ್ಬರು ಸ್ಪರ್ಧೆ ಮಾಡುವುದಿಲ್ಲ. ಹಾಡಿನ ಕಾರ್ಯಕ್ರಮದಂತೆ ಅಲ್ಲಿ ಮತವಿಲ್ಲ, ವಾರಕ್ಕೊಬ್ಬರನ್ನು ಮನೆಗೆ ಕಳಿಸುವ ಕ್ರಮವಿಲ್ಲ, ಕೊನೆಯಲ್ಲಿ ಕಪ್ ಎತ್ತಿ ಹಿಡಿಯುವವರೂ ಇಲ್ಲ. ತಮ್ಮ ಕಂಪನಿಯ ಒಂದು ಪಾಲನ್ನು ಮಾರಲು ಬಂದ ವ್ಯಾಪಾರಿಗಳು ಅವರು. ಬೆಲೆ ಒಪ್ಪಿಗೆಯಾದರೆ ಕೊಡುತ್ತಾರೆ, ಆಗದಿದ್ದರೆ ವಾಪಸು ಹೋಗುತ್ತಾರೆ. ನಮ್ಮ ಮಾರುಕಟ್ಟೆಗೆ ಕೊಬ್ಬರಿ ತಂದ ರೈತ ಟೆಂಡರ್‌ನಲ್ಲಿ ಬಂದ ಧಾರಣೆ ಹಿಡಿಸದೆ ಮಾಲನ್ನು ಹಾಗೆಯೇ ಉಳಿಸಿಕೊಂಡರೆ ಅವನನ್ನು ಯಾರೂ ಸೋತವನು ಎನ್ನುವುದಿಲ್ಲ. ಟಿವಿಯಲ್ಲಿ ಅದೇ ಕೆಲಸ ಮಾಡಿದವನನ್ನು ಮಾತ್ರ ಹಾಗೆನ್ನುತ್ತೇವೆ.

ಈ ಕಾರ್ಯಕ್ರಮ ಸೋನಿ ವಾಹಿನಿಯಲ್ಲಿ ಶುರುವಾದದ್ದು 2021ರ ಡಿಸೆಂಬರ್ 20ರಂದು. ಇದರ ಮೂಲ ಜಪಾನಿನದು. 2001ರಲ್ಲಿ ಅಲ್ಲಿ ಹುಟ್ಟಿ, 2005ರಲ್ಲಿ ಬ್ರಿಟನ್ನಿಗೂ 2009ರಲ್ಲಿ ಅಮೆರಿಕಕ್ಕೂ ಹೋಗಿ, ಆಮೇಲೆ ನಮ್ಮಲ್ಲಿಗೆ ಬಂತು. ಮೊದಲ ಸೀಸನ್ ನಡೆಯುತ್ತಿದ್ದಾಗ ನಮ್ಮ ಮಂಡಿಯಲ್ಲಿ ಬೆಳಗಿನ ಟೀ ಹೊತ್ತಿಗೆ ಹಿಂದಿನ ರಾತ್ರಿಯ ಸ್ಪರ್ಧಿಗಳದೇ ಮಾತು. ಮಂಡಿಯ ಯಜಮಾನರು ಅಳುವವರನ್ನು ಒಪ್ಪುತ್ತಿರಲಿಲ್ಲ. ಕಾಲೇಜಿಗೆ ಹೋಗುವ ಅವರ ಮಗ ಇಂಗ್ಲಿಷ್ ತೊದಲುವವರನ್ನು ಒಪ್ಪುತ್ತಿರಲಿಲ್ಲ. ಹಮಾಲರ ಪೈಕಿ ಹಿರಿಯರೊಬ್ಬರು, ಹಳ್ಳಿಯಿಂದ ಬಂದವರು ಯಾರೇ ಆಗಲಿ, ಅವರು ಹೇಳಿದ್ದೆಲ್ಲ ಸರಿ ಎನ್ನುತ್ತಿದ್ದರು. ಮೂವರೂ ಮನಸ್ಸಿನಲ್ಲಿದ್ದುದನ್ನೇ ಹೇಳುತ್ತಿದ್ದರು. ಆದರೆ ದಿನವಿಡೀ ದರ, ತೂಕ, ಬಾಕಿ, ಬಡ್ಡಿ ಎನ್ನುತ್ತಾ ಬದುಕುವ ಈ ಜನ ಟಿವಿ ಮುಂದೆ ಕುಳಿತಾಗ ಅವುಗಳಲ್ಲಿ ಒಂದನ್ನೂ ವಿಚಾರಿಸುತ್ತಿರಲಿಲ್ಲ ಎಂಬುದು ನನಗೆ ಆಗಲೇ ವಿಚಿತ್ರವಾಗಿ ಕಂಡಿತ್ತು.

ಎಲ್ಲರಿಗೂ ನೆನಪಿರುವ ಕಮಲೇಶ್ ಅವರನ್ನೇ ತೆಗೆದುಕೊಳ್ಳಿ. ಮಹಾರಾಷ್ಟ್ರದ ಮಾಲೆಗಾಂವ್ ಕಡೆಯ ಈ ಯುವಕ, ಬೆನ್ನಿಗೆ ಔಷಧದ ಕ್ಯಾನ್ ಕಟ್ಟಿಕೊಂಡು ಹೊಲದಲ್ಲಿ ನಡೆಯುವ ಕಷ್ಟವನ್ನು ತಪ್ಪಿಸಲು ತಾನೇ ರೂಪಿಸಿದ, ತಳ್ಳಿಕೊಂಡು ಹೋಗುವ ಸಿಂಪರಣಾ ಗಾಡಿಯನ್ನು ಮೊದಲ ಸೀಸನ್‌ನಲ್ಲಿ ತಂದಿದ್ದರು. ಅವರು ಕೇಳಿದ್ದು ಶೇಕಡಾ 10ರ ಪಾಲಿಗೆ 30 ಲಕ್ಷ ರೂಪಾಯಿ. ಹೂಡಿಕೆದಾರರಲ್ಲಿ ಒಬ್ಬರಾದ, ಕನ್ನಡಕ ಮಾರುವ ಲೆನ್ಸ್‌ಕಾರ್ಟ್ ಕಂಪನಿಯ ಪೀಯೂಷ್ ಬನ್ಸಾಲ್ ಶೇಕಡಾ 40ರ ಪಾಲಿಗೆ 10 ಲಕ್ಷ ರೂಪಾಯಿಯನ್ನೂ, ಅದರ ಜೊತೆಗೆ ಬಡ್ಡಿಯಿಲ್ಲದ 20 ಲಕ್ಷ ರೂಪಾಯಿ ಸಾಲವನ್ನೂ ಕೊಡುವುದಾಗಿ ಹೇಳಿದರು. ಮರುದಿನ ನಮ್ಮ ಮಂಡಿಯಲ್ಲಿ ಎಲ್ಲರ ಕಣ್ಣಲ್ಲೂ ನೀರು. ನನಗೂ ಕಣ್ಣು ತುಂಬಿ ಬಂದಿತ್ತು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ಚೀಟಿ ತೆಗೆದುಕೊಂಡು ಲೆಕ್ಕ ಹಾಕಿದರೆ, ಹತ್ತರಲ್ಲಿ ಒಂದು ಪಾಲಿಗೆ 30 ಲಕ್ಷ ಎಂದರೆ ಕಮಲೇಶ್ ತಮ್ಮ ಇಡೀ ಉದ್ಯಮಕ್ಕೆ ಕಟ್ಟಿದ್ದ ಬೆಲೆ 3 ಕೋಟಿ ರೂಪಾಯಿ, ಶೇಕಡಾ 40ಕ್ಕೆ 10 ಲಕ್ಷ ಎಂದು ಒಪ್ಪಿದ ಮೇಲೆ ನಿಂತ ಬೆಲೆ 25 ಲಕ್ಷ ರೂಪಾಯಿ. ಅಂದರೆ ಹನ್ನೆರಡರಲ್ಲಿ ಒಂದು ಭಾಗ. ಮಾರಾಟವೇ ಶುರುವಾಗದ ಒಂದು ಯಂತ್ರಕ್ಕೆ ಯಾರೂ ಮುಂದೆ ಬರದಿದ್ದಾಗ ಅದು ಒಳ್ಳೆಯ ಒಪ್ಪಂದವೇ ಇರಬಹುದು, ಬಡ್ಡಿಯಿಲ್ಲದ ಸಾಲವಂತೂ ಸಣ್ಣ ವಿಷಯವಲ್ಲ. ನನ್ನ ಆಕ್ಷೇಪ ಒಪ್ಪಂದದ ಮೇಲಲ್ಲ. 3 ಕೋಟಿ ಕೇಳಿದ ಕಮಲೇಶ್ ಅವರನ್ನು ‘ಮುಗ್ಧ’ ಎಂದ ಬಾಯಿಯೇ, ಮಾರಾಟ ನಡೆಯುತ್ತಿದ್ದ ಉದ್ಯಮಕ್ಕೆ ಅಷ್ಟೇ ಬೆಲೆ ಕೇಳಿದ ಪಟ್ಟಣದ ಹುಡುಗಿಯೊಬ್ಬಳನ್ನು ‘ದುರಾಸೆಯವಳು’ ಎಂದಿತಲ್ಲ, ಅದರ ಮೇಲೆ. ಇಬ್ಬರಿಗೂ ಒಂದೇ ಅಳತೆಗೋಲು ಇರಬೇಕಿತ್ತು.

ವ್ಯಾಲ್ಯುಯೇಷನ್ ಎಂಬ ಪದ ಕೇಳಿದ ಕೂಡಲೇ ನಮ್ಮ ಕಡೆಯ ಜನ ಅದನ್ನು ಇವತ್ತಿನ ಆಸ್ತಿಯ ಬೆಲೆ ಎಂದುಕೊಳ್ಳುತ್ತಾರೆ. ‘ಎರಡು ಮಿಷನ್ನು, ನಾಲ್ಕು ಟೇಬಲ್ಲು ಇಟ್ಟುಕೊಂಡು ಐದು ಕೋಟಿ ಅಂತಾನಲ್ಲ’ ಎಂಬ ಮಾತು ಬರುವುದು ಇದರಿಂದಲೇ. ನಾನು ಮಂಡಿಯಲ್ಲಿ ಇದನ್ನು ವಿವರಿಸಿದ್ದು ತೆಂಗಿನ ತೋಟದ ಉದಾಹರಣೆಯಿಂದ. ಸಸಿ ಹಾಕಿ ಐದು ವರ್ಷವಾದ ತೋಟದಲ್ಲಿ ಒಂದು ಕಾಯಿಯೂ ಇರುವುದಿಲ್ಲ, ಏಕೆಂದರೆ ನಮ್ಮ ಎತ್ತರದ ತಳಿ ಫಲ ಕೊಡಲು ಆರೇಳು ವರ್ಷ ಬೇಕು. ಆದರೂ ಆ ತೋಟವನ್ನು ಮಾರುವಾಗ ಬರೀ ಹೊಲದ ಬೆಲೆಗೆ ಯಾರೂ ಕೊಡುವುದಿಲ್ಲ, ಕೊಳ್ಳುವವರೂ ಹಾಗೆ ಕೇಳುವುದಿಲ್ಲ. ಬೋರ್‌ವೆಲ್‌ನಲ್ಲಿ ನೀರು ಎಷ್ಟಿದೆ, ಸಸಿಗಳಿಗೆ ಕಾಂಡ ಸೋರುವ ರೋಗ ತಗುಲಿದೆಯೇ, ಎಷ್ಟು ಸಸಿ ಸತ್ತಿವೆ ಎಂದು ನೋಡಿ, ಮುಂದಿನ ಐವತ್ತು ವರ್ಷದ ಫಸಲಿಗೆ ಒಂದು ಬೆಲೆ ಕಟ್ಟುತ್ತಾರೆ. ಅಂತಹ ತೋಟದವನು ಹೆಚ್ಚು ಬೆಲೆ ಹೇಳಿದರೆ ಚೌಕಾಸಿ ಮಾಡುತ್ತೇವೆ, ದುರಾಸೆಯವನೆಂದು ಬೈಯುವುದಿಲ್ಲ. ಉದ್ಯಮಕ್ಕೂ ಕೇಳಬೇಕಾದದ್ದು ಇಷ್ಟೇ: ನೀರು ಇದೆಯೇ, ರೋಗ ಇದೆಯೇ, ಎಷ್ಟು ಸಸಿ ಉಳಿದಿವೆ. ಅಂದರೆ ಒಮ್ಮೆ ಕೊಂಡ ಗಿರಾಕಿ ಮತ್ತೆ ಬರುತ್ತಾನೆಯೇ, ನೂರು ರೂಪಾಯಿ ಮಾರಾಟದಲ್ಲಿ ಜಾಹೀರಾತಿಗೆ ಎಷ್ಟು ಹೋಗುತ್ತದೆ, ಅಂಗಡಿಯಿಂದ ಎಷ್ಟು ಮಾಲು ವಾಪಸು ಬರುತ್ತದೆ. ಈ ಮೂರಕ್ಕೆ ಉತ್ತರ ಇಲ್ಲದವರು ಕೇಳುವ ಒಂದು ಕೋಟಿಯೂ ಹೆಚ್ಚು, ಉತ್ತರ ಇರುವವರು ಕೇಳುವ ಹತ್ತು ಕೋಟಿಯೂ ಕಡಿಮೆ ಇರಬಹುದು.

ಈಗ ನನ್ನನ್ನು ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ. ಸ್ಪರ್ಧಿಗಳು ‘ವರ್ಕಿಂಗ್ ಕ್ಯಾಪಿಟಲ್‌ಗೆ ದುಡ್ಡು ಬೇಕು’, ಅಂದರೆ ದಿನದಿನದ ವ್ಯಾಪಾರ ನಡೆಸಲು ಕೈಯಲ್ಲಿ ಹಣ ಬೇಕು, ಎಂದಾಗ ನಮ್ಮ ವೀಕ್ಷಕರಲ್ಲಿ ಹಲವರು ‘ವ್ಯಾಪಾರ ಅಷ್ಟು ಚೆನ್ನಾಗಿದ್ದರೆ ಇವನಿಗೇಕೆ ದುಡ್ಡಿಲ್ಲ’ ಎನ್ನುತ್ತಾರೆ. ತಿಪಟೂರಿನವರು ಈ ಮಾತು ಆಡಬಾರದು. ಉಂಡೆ ಕೊಬ್ಬರಿ ಎಂದರೆ ಏನೆಂದು ನಮಗೆ ಗೊತ್ತು. ಬಲಿತ ಕಾಯಿಯನ್ನು ಕಿತ್ತು, ಸಿಪ್ಪೆಯ ಸಮೇತ ಅಟ್ಟಕ್ಕೆ ಏರಿಸಿ, ಒಳಗಿನ ನೀರೆಲ್ಲ ಆರಿ, ಕೊಬ್ಬರಿ ಕರಟದಿಂದ ಬಿಟ್ಟುಕೊಂಡು ಅಲ್ಲಾಡಿಸಿದರೆ ಒಳಗೆ ಸದ್ದಾಗುವ ತನಕ ಕಾಯಬೇಕು. ಅದಕ್ಕೆ ಹತ್ತಿರ ಹತ್ತಿರ ಒಂದು ವರ್ಷ ಬೇಕು. ಅಷ್ಟು ದಿನ ರೈತನ ಮನೆಯ ಅಟ್ಟದಲ್ಲಿ ಲಕ್ಷಾಂತರ ರೂಪಾಯಿ ಇರುತ್ತದೆ, ಕೆಳಗೆ ಮಗಳ ಫೀಸು ಕಟ್ಟಲು ಕೈಸಾಲ ಮಾಡಿರುತ್ತಾನೆ. ಅದರ ಮೇಲೆ ಧಾರಣೆಯ ಆಟ ಬೇರೆ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದರೂ ಮಾರುಕಟ್ಟೆಯಲ್ಲಿ ಎಂಟು ಸಾವಿರದ ಆಸುಪಾಸಿಗೆ ಇಳಿದು, ರೈತರು ಬೀದಿಗಿಳಿದು, ಬೆಂಬಲ ಬೆಲೆಗೆ ಕೊಳ್ಳುವ ಸಂಸ್ಥೆಯಾದ ನಾಫೆಡ್‌ನ ಖರೀದಿಗಾಗಿ ಹೋರಾಡಬೇಕಾಯಿತು. ಆಸ್ತಿ ಇದ್ದೂ ಕೈಯಲ್ಲಿ ಕಾಸಿಲ್ಲದಿರುವುದು ಸುಳ್ಳಲ್ಲ, ಸೋಮಾರಿತನವೂ ಅಲ್ಲ ಎಂಬುದು ಇಷ್ಟು ಹತ್ತಿರದಿಂದ ಗೊತ್ತಿರುವವರು ಬೇರೆ ಯಾರಿದ್ದಾರೆ?

ನನ್ನ ಹೆಂಡತಿಯ ತಮ್ಮ ಆರು ವರ್ಷಗಳ ಹಿಂದೆ ಮರದ ಗಾಣ ಹಾಕಿ ಕೊಬ್ಬರಿ ಎಣ್ಣೆ ಮಾರಲು ಶುರು ಮಾಡಿದ. ನೂರು ಕಿಲೋ ಕೊಬ್ಬರಿಗೆ ಅರವತ್ತು ಕಿಲೋ ಆಸುಪಾಸು ಎಣ್ಣೆ ಇಳಿಯುತ್ತಿತ್ತು, ಎಣ್ಣೆಯ ಘಮ ನೋಡಿಯೇ ಜನ ಹುಡುಕಿಕೊಂಡು ಬರುತ್ತಿದ್ದರು. ಒಂದು ದಿನ ಬೆಂಗಳೂರಿನ ಅಂಗಡಿಗಳ ಜಾಲವೊಂದರಿಂದ ದೊಡ್ಡ ಆರ್ಡರ್ ಬಂತು. ಅವರು ಹಣ ಕೊಡುವುದು ಮಾಲು ತಲುಪಿದ ಅರವತ್ತು ದಿನಕ್ಕೆ. ಕೊಬ್ಬರಿಗೆ ಮಾತ್ರ ಇವನು ಅಂದೇ ನಗದು ಕೊಡಬೇಕು. ತಿಂಗಳಿಗೆ ನಾಲ್ಕು ಲಕ್ಷದ ಕೊಬ್ಬರಿ ಎಂದರೆ ಯಾವಾಗಲೂ ಎಂಟು ಲಕ್ಷ ಹೊರಗೇ ಇರಬೇಕಾಯಿತು. ಆರ್ಡರ್ ಎರಡು ಪಟ್ಟಾದಾಗ ಅದು ಹದಿನಾರು ಲಕ್ಷವಾಯಿತು. ವ್ಯಾಪಾರ ಬೆಳೆದಷ್ಟೂ ಕೈ ಬರಿದಾಗುತ್ತಾ ಬಂತು. ಆಗ ಅವನು ನೆಂಟರನ್ನೆಲ್ಲ ಕೂರಿಸಿ, ಹತ್ತರಲ್ಲಿ ಒಂದು ಪಾಲಿಗೆ ಯಾರಾದರೂ ಹತ್ತು ಲಕ್ಷ ಹಾಕಿ ಎಂದು ಕೇಳಿದ. ‘ಅಂದರೆ ನಿನ್ನ ಗಾಣ ಒಂದು ಕೋಟಿಯದಾ’ ಎಂದು ಒಬ್ಬರು ಕೇಳಿದರು, ಮನೆ ತುಂಬಾ ನಗು ಎದ್ದಿತು. ಅವನ ಲೆಕ್ಕದ ಪುಸ್ತಕ ನೋಡಿದ್ದವನು ಅಲ್ಲಿ ನಾನೊಬ್ಬನೇ. ‘ಭಾವ, ನೀವಾದರೂ ಹೇಳಿ’ ಎಂದು ಅವನು ನನ್ನ ಕಡೆ ನೋಡಿದಾಗ ಹಿರಿಯರ ಎದುರು ಮಾತು ಬೇಡವೆಂದು ನಾನು ಸುಮ್ಮನಿದ್ದೆ. ಅದಕ್ಕಾಗಿ ನನಗೆ ಇಂದಿಗೂ ನೋವಿದೆ. ಅವನು ಆ ಆರ್ಡರ್ ಬಿಟ್ಟು, ಈಗ ಊರಿನಲ್ಲೇ ನಗದಿಗೆ ಚಿಕ್ಕದಾಗಿ ಮಾರುತ್ತಿದ್ದಾನೆ. ಟಿವಿಯಲ್ಲಿ ಯಾರಾದರೂ ಹೆಚ್ಚು ವ್ಯಾಲ್ಯುಯೇಷನ್ ಹೇಳಿದಾಗ ನೋಡುವವರು ನಕ್ಕರೆ ನನಗೆ ಆ ಸಂಜೆಯ ನಗುವೇ ಕೇಳಿಸುತ್ತದೆ.

ವೀಕ್ಷಕರು ಎಲ್ಲದರಲ್ಲೂ ತಪ್ಪು ಎಂದು ನಾನು ಹೇಳುವುದಿಲ್ಲ. ದಿನಬಳಕೆಯ ಸಾಮಾನಿನ ವಿಷಯದಲ್ಲಿ ಮನೆಯ ಹೆಂಗಸರ ಅಭಿಪ್ರಾಯಕ್ಕೆ ಹೂಡಿಕೆದಾರರ ಅಭಿಪ್ರಾಯಕ್ಕಿಂತ ಹೆಚ್ಚು ಬೆಲೆ ಕೊಡಬೇಕು. ಮಸಾಲೆ, ತಿಂಡಿ, ಮಕ್ಕಳ ಸಾಮಾನು ಬಂದಾಗ ನನ್ನ ಹೆಂಡತಿ ಬೆಲೆ ಕೇಳಿದ ಕ್ಷಣದಲ್ಲೇ ‘ಒಂದು ಸಲ ತಗೊಳ್ತೀನಿ, ಎರಡನೇ ಸಲ ಇಲ್ಲ’ ಎಂದುಬಿಡುತ್ತಾಳೆ. ಎರಡನೆಯ ಸಲ ಕೊಳ್ಳುವವರು ಎಷ್ಟು ಎಂಬುದೇ ಇಂತಹ ಉದ್ಯಮದ ಜೀವಾಳ. ಆದರೆ ಕೀಳಾಗಿ ಕಾಣುವ ಸಾಮಾನನ್ನು ನಾವು ಸುಲಭವಾಗಿ ತಳ್ಳಿಹಾಕುತ್ತೇವೆ. ಕೊಳವೆಯಂತಹ ಪ್ಲಾಸ್ಟಿಕ್ ಚೀಲದಲ್ಲಿ ಐಸ್ ಮಾರುವ ಹೈದರಾಬಾದಿನ ಸ್ಕಿಪ್ಪಿ ಬಂದಾಗ ನಮ್ಮಲ್ಲಿ ‘ಇದಕ್ಕೂ ಕಂಪನಿಯಾ’ ಎಂದವರಿದ್ದರು. ಅಂದು ಕುಳಿತಿದ್ದ ಐವರೂ ಹೂಡಿಕೆದಾರರು ಸೇರಿ ಶೇಕಡಾ 15ರ ಪಾಲಿಗೆ 1 ಕೋಟಿ ರೂಪಾಯಿ ಕೊಡಲು ಒಪ್ಪಿದರು.

ಇನ್ನೊಂದು ಸಂಗತಿಯನ್ನು ನೀವು ಮನೆಯವರಿಗೆ ಹೇಳಬಹುದು. ನಮಗೆ ಕಾಣುವುದು ಕತ್ತರಿಸಿ ಜೋಡಿಸಿದ ದೃಶ್ಯ. ಇಂತಹ ಕಾರ್ಯಕ್ರಮಗಳಲ್ಲಿ ಗಂಟೆಗಟ್ಟಲೆ ನಡೆದ ಮಾತುಕತೆ ನಮ್ಮ ಮುಂದೆ ಹತ್ತು ಹದಿನೈದು ನಿಮಿಷವಾಗಿ ಬರುತ್ತದೆ. ಬೇಸರದ್ದೆಂದು ಕತ್ತರಿಸುವುದು ಬಾಕಿ, ದಾಸ್ತಾನು, ತೆರಿಗೆಯ ಮಾತುಗಳನ್ನೇ. ಉಳಿಯುವುದು ಅಳು, ಜಗಳ, ನಗು. ಕ್ಯಾಮೆರಾ ಎದುರು ಕೈ ಕುಲುಕಿದ ಮೇಲೂ ಹೂಡಿಕೆದಾರರ ಕಡೆಯವರು ಲೆಕ್ಕಪತ್ರಗಳನ್ನೆಲ್ಲ ಪರಿಶೀಲಿಸುತ್ತಾರೆ, ಎಷ್ಟೋ ಒಪ್ಪಂದಗಳು ಅಲ್ಲಿಯೇ ಬದಲಾಗುತ್ತವೆ ಅಥವಾ ಮುರಿಯುತ್ತವೆ. ಹಾಗೆಯೇ ಡೀಲ್ ಸಿಗದೆ ಹೋದವರೆಲ್ಲ ಸೋತವರೂ ಅಲ್ಲ. ಅಮೆರಿಕದ ಕಾರ್ಯಕ್ರಮಕ್ಕೆ 2013ರಲ್ಲಿ ಬಾಗಿಲ ಗಂಟೆಗೆ ಕ್ಯಾಮೆರಾ ಸೇರಿಸಿಕೊಂಡು ಬಂದು ಡೀಲ್ ಇಲ್ಲದೆ ಹೋದ ಜೇಮಿ ಸಿಮಿನಾಫ್ ಅವರ ಕಂಪನಿಯೇ ಮುಂದೆ ‘ರಿಂಗ್’ ಆಯಿತು, 2018ರಲ್ಲಿ ಅದನ್ನು ಅಮೆಜಾನ್ ಕೊಂಡಿತು, ಅದೇ ವರ್ಷ ಅವರು ಅದೇ ವೇದಿಕೆಗೆ ಅತಿಥಿ ಹೂಡಿಕೆದಾರರಾಗಿ ಬಂದು ಕುಳಿತರು.

ಭಾಷೆಯ ವಿಷಯದಲ್ಲಂತೂ ನಮಗೆ ಹೆಚ್ಚಿನ ಎಚ್ಚರ ಬೇಕು. ಕಾರ್ಯಕ್ರಮ ನಡೆಯುವುದು ಹಿಂದಿ ಮತ್ತು ಇಂಗ್ಲಿಷ್ ಬೆರೆತ ಮಾತಿನಲ್ಲಿ. ದಕ್ಷಿಣದಿಂದ ಹೋದವರು ಹಿಂದಿಯಲ್ಲಿ ತಡವರಿಸಿದಾಗ ‘ತಯಾರಿ ಇಲ್ಲದೆ ಬಂದಿದ್ದಾನೆ’ ಎಂದು ಹೇಳುವ ಕನ್ನಡಿಗರನ್ನೂ ನಾನು ನೋಡಿದ್ದೇನೆ. ಅವರ ಲೆಕ್ಕ ತಡವರಿಸಿತೇ, ನಾಲಿಗೆ ತಡವರಿಸಿತೇ ಎಂದು ಬೇರ್ಪಡಿಸಿ ನೋಡುವುದು ನಮಗೆ ಕಷ್ಟವಾಗಬಾರದು.

ಕಳೆದ ಎರಡು ಸೀಸನ್‌ಗಳಿಂದ ನಮ್ಮ ಮನೆಯಲ್ಲಿ ಒಂದು ಕ್ರಮ ಇಟ್ಟುಕೊಂಡಿದ್ದೇವೆ. ಮೊಬೈಲಿನಲ್ಲಿ ಕಾರ್ಯಕ್ರಮ ಹಾಕಿ, ಸ್ಪರ್ಧಿ ತನ್ನ ಮಾರಾಟದ ಅಂಕಿಗಳನ್ನು ಹೇಳಿ ಮುಗಿಸಿದ ಕೂಡಲೇ ನಿಲ್ಲಿಸುತ್ತೇವೆ. ಮಂಡಿಯ ಹಳೆಯ ತೂಕದ ಚೀಟಿಗಳ ಹಿಂಬದಿಯಲ್ಲಿ ಪ್ರತಿಯೊಬ್ಬರೂ ತಾವು ಎಷ್ಟು ಪಾಲಿಗೆ ಎಷ್ಟು ಹಣ ಕೊಡುತ್ತಿದ್ದೆವು ಎಂದು ಬರೆದು, ಕಾರಣವನ್ನೂ ಒಂದು ಸಾಲಿನಲ್ಲಿ ಬರೆಯಬೇಕು. ಕಾರಣದ ಸಾಲಿನಲ್ಲಿ ವ್ಯಕ್ತಿಯ ಸ್ವಭಾವದ ಮಾತು ಬರಬಾರದು ಎಂಬುದೊಂದೇ ಷರತ್ತು. ಮೊದಮೊದಲು ನನ್ನ ಮಗಳ ಚೀಟಿ ಖಾಲಿ ಇರುತ್ತಿತ್ತು. ಈಗ ಅವಳು ‘ಬಾಕಿ ಎಷ್ಟು ದಿನಕ್ಕೆ ಬರುತ್ತದೆಂದು ಹೇಳಲಿಲ್ಲ, ಅದಕ್ಕೆ ಕೊಡುವುದಿಲ್ಲ’ ಎಂದು ಬರೆಯುತ್ತಾಳೆ. ಕಳೆದ ತಿಂಗಳು ಅವಳ ಸೋದರಮಾವ ಮನೆಗೆ ಬಂದಿದ್ದಾಗ ಅವನಿಗೂ ಒಂದು ಚೀಟಿ ಕೊಟ್ಟೆವು.