ಖಿನ್ನತೆಗೆ ಚಿಕಿತ್ಸೆ ಪಡೆದದ್ದು ಸರ್ಕಾರಿ ನೌಕರಿಯ ತನಿಖೆಯಲ್ಲಿ ಹೊರಬೀಳುತ್ತದೆಯೇ?

ಖಿನ್ನತೆಗೆ ಮಾತ್ರೆ ತೆಗೆದುಕೊಂಡ ಸಂಗತಿ ಕೇಂದ್ರ ಸರ್ಕಾರದ ನೌಕರಿಯ ತನಿಖೆಯಲ್ಲಿ ಗೊತ್ತಾಗದಂತೆ ಏನು ಮಾಡಬೇಕು, ಈಗಲೇ ಮಾತ್ರೆ ಬಿಟ್ಟರೆ ಒಳ್ಳೆಯದೇ ಎಂದು ಕೇಳಿದ್ದೀರಿ. 2019ರಲ್ಲಿ ಸಿರುಗುಪ್ಪದ ಹತ್ತಿರದ ನಮ್ಮ ಊರಿನಲ್ಲಿ ಕುಳಿತು ನಾನೂ ಇದನ್ನೇ ಯೋಚಿಸುತ್ತಿದ್ದೆ.

ಅಣ್ಣ ತೀರಿಕೊಂಡ ಮೇಲೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಬಳ್ಳಾರಿಯ ಮನೋವೈದ್ಯರೊಬ್ಬರು ಕೊಟ್ಟ ಮಾತ್ರೆಗಳಿಂದ ಚೇತರಿಸಿಕೊಂಡು, ಓದಿ, ಪರೀಕ್ಷೆಯಲ್ಲಿ ಆಯ್ಕೆಯಾದೆ. ಅಟೆಸ್ಟೇಶನ್ ಫಾರಂ, ಅಂದರೆ ಆಯ್ಕೆಯಾದವರ ಹಿನ್ನೆಲೆ ತನಿಖೆಗೆಂದು ತುಂಬಿಸಿಕೊಳ್ಳುವ ಅರ್ಜಿ, ಬಂತು. ಅದರಲ್ಲಿ ಕೇಳಿದ್ದು ಬಂಧನ, ಮೊಕದ್ದಮೆ, ಶಿಕ್ಷೆ, ಪರೀಕ್ಷೆಯಿಂದ ಡಿಬಾರ್ ಆದದ್ದು, ಹಿಂದಿನ ಐದು ವರ್ಷಗಳ ವಿಳಾಸ. ಆಸ್ಪತ್ರೆಯ ಮಾತೇ ಇರಲಿಲ್ಲ. ಠಾಣೆಯಿಂದ ವಿಚಾರಣೆಗೆ ಬಂದ ದಿನ, ಪಕ್ಕದ ಮನೆಯವರು ‘ಹುಡುಗನಿಗೆ ತಲೆ ಕೆಟ್ಟಿತ್ತು’ ಎಂದುಬಿಟ್ಟರೆ ಗತಿಯೇನೆಂದು ಅವ್ವ ಬಾಗಿಲ ಮರೆಯಲ್ಲಿ ನಡುಗುತ್ತಾ ನಿಂತಿದ್ದಳು. ಪೊಲೀಸರು ಕೇಸುಗಳಿವೆಯೇ ಎಂದಷ್ಟೇ ಕೇಳಿ ಹೋದರು.

ನಾನು ಎಡವಿದ್ದು ಮೆಡಿಕಲ್‌ನಲ್ಲಿ, ಅಂದರೆ ನೌಕರಿಗೆ ಮುಂಚಿನ ವೈದ್ಯಕೀಯ ಪರೀಕ್ಷೆಯಲ್ಲಿ. ಅಲ್ಲಿನ ಘೋಷಣಾ ಪತ್ರದಲ್ಲಿ, ಅತಿಯಾದ ಕೆಲಸದಿಂದಾಗಲಿ ಬೇರೆ ಕಾರಣದಿಂದಾಗಲಿ ನರಗಳ ತೊಂದರೆ ಉಂಟಾಗಿತ್ತೇ ಎಂಬರ್ಥದ ಪ್ರಶ್ನೆಯಿತ್ತು. ನನ್ನದು ಮನಸ್ಸಿನ ದುಃಖ, ನರಗಳ ತೊಂದರೆಯಲ್ಲ ಎಂದು ನನಗೆ ನಾನೇ ವಾದ ಹೂಡಿಕೊಂಡು ‘ಇಲ್ಲ’ ಎಂದು ಬರೆದೆ. ಆ ವಾದ ಸುಳ್ಳೆಂದು ಬರೆಯುವಾಗಲೇ ನನಗೆ ತಿಳಿದಿತ್ತು, ಏಕೆಂದರೆ ರಕ್ತದಲ್ಲಿ ಸಿಕ್ಕಿಬಿಟ್ಟೀತು ಎಂಬ ಹೆದರಿಕೆಯಿಂದ ಎರಡು ವಾರ ಮೊದಲೇ, ವೈದ್ಯರನ್ನು ಕೇಳದೆ, ಮಾತ್ರೆಗಳನ್ನು ಒಮ್ಮೆಗೇ ನಿಲ್ಲಿಸಿದ್ದೆ. ಅಂಥ ಮಾತ್ರೆಗಳನ್ನು ಹಂತಹಂತವಾಗಿ ಇಳಿಸಬೇಕು. ಥಟ್ಟನೆ ಬಿಟ್ಟರೆ ತಲೆಸುತ್ತು, ಚಡಪಡಿಕೆ, ನಿದ್ರಾಭಂಗ ಕಾಣಿಸಿಕೊಳ್ಳಬಹುದು. ಹೀಗಾಗಿ, ಆರೋಗ್ಯವಾಗಿದ್ದ ನಾನು ಪರೀಕ್ಷೆಯ ದಿನ ಕೈ ನಡುಗಿಸುತ್ತಾ, ಏರಿದ ರಕ್ತದೊತ್ತಡದೊಂದಿಗೆ ವೈದ್ಯರ ಮುಂದೆ ನಿಂತೆ. ಅವರು ಎರಡನೆಯ ಸಲ ಕೇಳಿದಾಗ ಎಲ್ಲವನ್ನೂ ಹೇಳಿಬಿಟ್ಟೆ. ಬರೆದದ್ದಕ್ಕೂ ಹೇಳಿದ್ದಕ್ಕೂ ತಾಳೆಯಾಗಲಿಲ್ಲ. ತಾತ್ಕಾಲಿಕವಾಗಿ ಅನರ್ಹನೆಂದು ಬರೆದರು. ನನ್ನ ವೈದ್ಯರ ಪತ್ರ, ಮರುಪರೀಕ್ಷೆ, ವಿವರಣೆ ಎಂದು ಏಳು ತಿಂಗಳು ಕಡತ ಅಲೆಯಿತು. ಚಿಕಿತ್ಸೆ ಪಡೆದದ್ದೇಕೆ ಎಂದು ಆ ಏಳು ತಿಂಗಳಲ್ಲಿ ಯಾರೂ ಕೇಳಲಿಲ್ಲ. ‘ಇಲ್ಲ’ ಎಂದು ಬರೆದದ್ದೇಕೆ ಎಂದೇ ಎಲ್ಲರೂ ಕೇಳಿದರು.

ಆದ್ದರಿಂದ ಮುಚ್ಚಿಡುವುದು ಹೇಗೆ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಹಿಂದೆ ಚಿಕಿತ್ಸೆ ಪಡೆದಿದ್ದರೆಂಬ ಒಂದೇ ಕಾರಣಕ್ಕೆ ಯಾರನ್ನೂ ಈಗ ಮಾನಸಿಕ ಅಸ್ವಸ್ಥರೆಂದು ನಿರ್ಧರಿಸುವಂತಿಲ್ಲ. ಸಾರ್ವಜನಿಕ ಸುರಕ್ಷತೆ, ನ್ಯಾಯಾಲಯದ ಆದೇಶದಂಥ ಕೆಲವು ಸಂದರ್ಭಗಳನ್ನು ಬಿಟ್ಟರೆ ವೈದ್ಯರು ನಿಮ್ಮ ವಿವರಗಳನ್ನು ಗೋಪ್ಯವಾಗಿಯೇ ಇಡಬೇಕು. ಕಾಯಿಲೆಗೆ ಇಷ್ಟು ರಕ್ಷಣೆ ಇದೆ, ಸುಳ್ಳಿಗಿಲ್ಲ: ಗೊತ್ತಿದ್ದೂ ಮಾಹಿತಿ ಮರೆಮಾಚಿದರೆ ನೇಮಕಾತಿ ಕಳೆದುಕೊಳ್ಳಬೇಕಾದೀತು ಎಂಬ ಮಾತಿನ ಕೆಳಗೇ ನಾನು ಸಹಿ ಮಾಡಿದ್ದೆ. ಹಾಗೆಂದು ಕೇಳದಿದ್ದನ್ನು ತಾವಾಗಿ ಹರಡಿಕೊಳ್ಳಬೇಕಿಲ್ಲ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅದು ಮೊಕದ್ದಮೆಗಳನ್ನು ಮರೆಮಾಚಿದವರ ಕುರಿತಾದದ್ದಾದರೂ, ನಿರ್ದಿಷ್ಟವಾಗಿ ಕೇಳಿದ್ದನ್ನಷ್ಟೇ ತಿಳಿಸಬೇಕೆಂದು ಹೇಳಿದೆ. ಸಶಸ್ತ್ರ ಪಡೆಗಳ ವೈದ್ಯಕೀಯ ಮಾನದಂಡ ಇದಕ್ಕಿಂತ ಬಿಗಿ. ನಿಮ್ಮದು ಕಚೇರಿಯ ಹುದ್ದೆ ಎಂದಿದ್ದೀರಿ.

ಮಾತ್ರೆಯನ್ನು ದಯವಿಟ್ಟು ಬಿಡಬೇಡಿ. ಈ ವಾರವೇ ನಿಮ್ಮ ವೈದ್ಯರನ್ನು ಕಂಡು, ಯಾವಾಗಿನಿಂದ ಚಿಕಿತ್ಸೆ, ಈಗ ಸ್ಥಿತಿ ಹೇಗಿದೆ, ಕೆಲಸಕ್ಕೆ ಅಡ್ಡಿಯಿಲ್ಲವೇ ಎಂಬುದನ್ನು ಒಂದೇ ಪುಟದಲ್ಲಿ ಬರೆಸಿ, ಸಹಿ ಮತ್ತು ನೋಂದಣಿ ಸಂಖ್ಯೆ ಹಾಕಿಸಿಕೊಂಡು, ಮೆಡಿಕಲ್ ದಿನ ಜೊತೆಯಲ್ಲಿಟ್ಟುಕೊಳ್ಳಿ. ನನ್ನ ಕಡತ ಕೊನೆಗೆ ಕದಲಿದ್ದು ಅಂಥದೇ ಒಂದು ಪುಟದಿಂದ.