ಓದುಗರ ಪ್ರಶ್ನೆ: ಕಾಗದದಲ್ಲೇ ಕುದುರಿದ ಮದುವೆ

ಪ್ರಶ್ನೆ: ಪತ್ರಿಕೆಯ ಜಾಹೀರಾತು ನೋಡಿ, ಪತ್ರ ಬರೆದು, ಮುಖ ನೋಡದವನನ್ನು ಮದುವೆಯಾಗಲು ಪಶ್ಚಿಮ ಅಮೆರಿಕಕ್ಕೆ ಹೊರಡುವ 'ಮೇಲ್ ಆರ್ಡರ್ ಬ್ರೈಡ್' ಕತೆಯೊಂದನ್ನು ಬರೆಯುತ್ತಿದ್ದೇನೆ. ಕಾಲ 1867. ನಾಯಕಿ ಬಾಸ್ಟನ್‌ನಿಂದ ನೇರ ರೈಲಿನಲ್ಲಿ ಕ್ಯಾಲಿಫೋರ್ನಿಯಾ ತಲುಪುತ್ತಾಳೆ. ಜಮೀನು ಉಳಿಸಿಕೊಳ್ಳಲು ನಾಯಕನಿಗೆ ಹೆಂಡತಿ ಬೇಕು. ಏನಾದರೂ ತಪ್ಪಿದೆಯೇ?
— ಓದುಗರು, ಬಸವನಗುಡಿ, ಬೆಂಗಳೂರು

ಉತ್ತರ: ಎರಡು ಕಡೆ ತಪ್ಪಿದೆ, ಎರಡೂ ತಿದ್ದುವಂಥವೇ. ಪೂರ್ವ ಪಶ್ಚಿಮದ ಹಳಿಗಳು ಯೂಟಾದಲ್ಲಿ ಕೂಡಿದ್ದು 1869ರ ಮೇ 10ರಂದು. ಕತೆಯನ್ನು 1870ಕ್ಕೆ ತನ್ನಿ. ಆಗಲೂ ನೇರ ರೈಲಿಲ್ಲ. ಶಿಕಾಗೋದಲ್ಲಿ ಗಾಡಿ ಬದಲಿಸಬೇಕು. ಒಮಾಹಾದ ಬಳಿ ಮಿಸ್ಸೂರಿ ನದಿಗೆ ರೈಲುಸೇತುವೆ ಬಂದದ್ದು 1872ರಲ್ಲಿ, ಹಾಗಾಗಿ ದೋಣಿಯಲ್ಲಿ ದಾಟಬೇಕು. ಸುಮಾರು ಒಂದು ವಾರದ ಪಯಣ, ಬಟ್ಟೆಯೆಲ್ಲ ಎಂಜಿನ್ ಹೊಗೆಯ ಮಸಿ. ಆ ದೋಣಿಯನ್ನು ಬಿಡಬೇಡಿ. ಹಿಂತಿರುಗುವ ಮನಸ್ಸು ಬರುವುದಾದರೆ ಅಲ್ಲೇ.

ಎರಡನೆಯ ತಪ್ಪು ಜಮೀನಿನದು. ನೆಲೆಸುವವರಿಗೆ ಸರ್ಕಾರಿ ಜಮೀನು ಕೊಡುವ 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ 160 ಎಕರೆಗೆ ಐದು ವರ್ಷ ನೆಲೆಸಿ ಸಾಗುವಳಿ ಮಾಡಬೇಕಿತ್ತು. ಮದುವೆಯ ಷರತ್ತು ಇರಲಿಲ್ಲ. 21 ತುಂಬಿದ ಅವಿವಾಹಿತೆಯೂ ತನ್ನ ಹೆಸರಿನಲ್ಲೇ ಅರ್ಜಿ ಹಾಕಬಹುದಿತ್ತು. ನಿಮ್ಮ ಕತೆಯ ಬಿಗಿ ಇಲ್ಲಿದೆ: ಇದು ಅವಳಿಗೆ ತಾಳಿಗೆ ಮುಂಚೆ ಗೊತ್ತಾದರೆ? (ತಾಳಿ ಎಂದದ್ದು ನಮ್ಮ ರೂಢಿಗೆ; ಅಲ್ಲಿ ಉಂಗುರ.)

ಪತ್ರಗಳು ಮೂರಾದರೂ ಇರಲಿ, ಇಬ್ಬರೂ ಒಂದೊಂದು ವಿಷಯ ಮುಚ್ಚಿಡಲಿ. ಅಪರಿಚಿತ ಗಂಡು ನಮ್ಮ ಓದುಗರಿಗೆ ಹೊಸದಲ್ಲ. ಹೋಗಿಬರಲು ತವರು ಇಲ್ಲದಿರುವುದೇ ಎದೆ ಹಿಂಡುವುದು. ಅದನ್ನು ನಿಧಾನವಾಗಿ ಬರೆಯಿರಿ.