ಬಿಸಿಗೂ ಕೆಮಿಸ್ಟ್ರಿಗೂ ಬೇರೆ ಬೇರೆ ಅಂಕ ಕೊಡಿ

ನಿಮ್ಮ ವಿಮರ್ಶೆ ನಂಬಿ ಪ್ರೇಮ ಕಾದಂಬರಿ ಕೊಂಡವರು ‘ಜೋಡಿ ಸಪ್ಪೆ’ ಅಂತಿದ್ದಾರೆ ಎಂದಿರಿ. ಬಿಸಿಗೂ (ಅಂದ್ರೆ ಹಸಿಬಿಸಿ ದೃಶ್ಯಗಳಿಗೂ) ಕೆಮಿಸ್ಟ್ರಿಗೂ (ಅಂದ್ರೆ ಜೋಡಿಯ ನಡುವಿನ ಸೆಳೆತಕ್ಕೂ) ಸೇರಿಸಿ ಒಂದೇ ಅಂಕ ಕೊಡುತ್ತಿರುವುದೇ ಕಾರಣ ಇರಬೇಕು. ನಾನೂ ಮೊದಲು ಹಾಗೇ ಮಾಡುತ್ತಿದ್ದೆ.

ಮೊದಲು ಹಸಿಬಿಸಿ ದೃಶ್ಯ ಎಷ್ಟಿವೆ, ಎಷ್ಟು ಬಿಚ್ಚಿ ಬರೆದಿದ್ದಾರೆ, ಅಷ್ಟೇ ಹೇಳಿ. ಅದು ಅಳತೆ, ಮೆಚ್ಚುಗೆಯಲ್ಲ. ಆಮೇಲೆ ಜೋಡಿ ಸುಮ್ನೆ ಮಾತಾಡುವ ಒಂದು ಪುಟ ಮತ್ತೆ ಓದಿ, ಅಲ್ಲೂ ಸೆಳೆತ ಕಾಣುತ್ತದಾ ನೋಡಿ ಕೆಮಿಸ್ಟ್ರಿಗೆ ಅಂಕ ಕೊಡಿ. ಜೇನ್ ಆಸ್ಟನ್ ಬರೆದ 1813ರ ಕಾದಂಬರಿ ‘ಪ್ರೈಡ್ ಅಂಡ್ ಪ್ರೆಜುಡಿಸ್’ನಲ್ಲಿ ನಾಯಕ ನಾಯಕಿಯ ನಡುವೆ ಒಂದು ಮುತ್ತೂ ಇಲ್ಲ. ನಾಯಕಿ ಎಲಿಜಬೆತ್ ಮೂರು ಮೈಲಿ ನಡೆದು, ಲಂಗಕ್ಕೆ ಕೆಸರು ಮೆತ್ತಿಕೊಂಡು ನಾಯಕ ಡಾರ್ಸಿ ತಂಗಿರುವ ಮನೆಗೆ ಬರುತ್ತಾಳೆ. ಆ ಮನೆಯ ಹೆಂಗಸರು ಕೆಸರು ನೋಡುತ್ತಾರೆ, ಡಾರ್ಸಿ ಅವಳ ಹೊಳೆಯುವ ಕಣ್ಣು ನೋಡುತ್ತಾನೆ. ಕೆಮಿಸ್ಟ್ರಿ ಅಂದ್ರೆ ಅದೇ ಅಲ್ವಾ!

ಕೊನೆಗೆ ಕಥೆ. ಇಬ್ಬರ ಮನಸ್ತಾಪ ಒಂದೇ ಮಾತಲ್ಲಿ ಬಗೆಹರಿಯುವಂಥದ್ದಾದರೆ ಅಂಕ ಇಳಿಸಿ.

ನಿಧಾನಕ್ಕೆ ಕಾವೇರುವ ಕಾದಂಬರಿಗೆ ಒಂದು ಪುಟದ ಪರೀಕ್ಷೆ ಸಾಲದೇ ಇರಬಹುದು. ಅಂಥದ್ದಕ್ಕೆ ಅರ್ಧ ದಾಟಿದ ಮೇಲಿನ ಇನ್ನೊಂದು ಪುಟವನ್ನೂ ನೋಡಿ.